ಒಂದೇ ಬದಿಯ ಎರಡೂ ಕಾಲುಗಳನ್ನು ಒಟ್ಟಿಗೆ ಎತ್ತಿಡುವ ನಾಯಿ: ಇದು ಅಭ್ಯಾಸವೋ, ನೋವೋ?

ಪ್ರಶ್ನೆ

ನಮ್ಮ ಮನೆಯ ಹೆಣ್ಣುನಾಯಿಗೆ ಈಗ ಐದು ವರ್ಷ. ಮಿಶ್ರ ತಳಿಯದು, ತೂಕ 31 ಕೆ.ಜಿ.; ಕಾಲುಗಳು ಉದ್ದ, ಬೆನ್ನು ಅದಕ್ಕೆ ಹೋಲಿಸಿದರೆ ಗಿಡ್ಡ. ಸುಮಾರು ಎರಡು ತಿಂಗಳಿಂದ ಅದರ ನಡಿಗೆ ನನಗೆ ವಿಚಿತ್ರವಾಗಿ ಕಾಣುತ್ತಿದೆ. ಎಡಗಡೆಯ ಮುಂಗಾಲು ಮತ್ತು ಹಿಂಗಾಲು ಎರಡೂ ಒಟ್ಟಿಗೆ ಮುಂದೆ ಬರುತ್ತವೆ, ಆಮೇಲೆ ಬಲಗಡೆಯವು ಬರುತ್ತವೆ. ಮೈಯೆಲ್ಲ ಒಂಟೆಯ ಹಾಗೆ ಅತ್ತಿತ್ತ ತೂಗುತ್ತದೆ. ಬಿಟ್ಟು ಓಡಿಸಿದರೆ ಯಾವ ದೋಷವೂ ಕಾಣುವುದಿಲ್ಲ. ಕುಂಟುವುದಿಲ್ಲ, ನರಳುವುದಿಲ್ಲ, ಕಾಲು ಮುಟ್ಟಿದರೆ ಎಳೆದುಕೊಳ್ಳುವುದಿಲ್ಲ, ಊಟವೂ ಎಂದಿನಂತೆಯೇ ಇದೆ. ಮನೆಯ ಉಳಿದವರು ಅದು ಮೊದಲಿನಿಂದಲೂ ಹಾಗೆಯೇ ನಡೆಯುತ್ತಿತ್ತೆಂದೂ, ನಾನು ಗಮನಿಸಿದ್ದು ಮಾತ್ರ ಈಗ ಎಂದೂ ಹೇಳುತ್ತಾರೆ. ಈ ವಿಷಯವಾಗಿ ಓದಲು ಕುಳಿತರೆ ಸೊಂಟದ ಕೀಲಿನ ದೋಷದಿಂದ ಹಿಡಿದು ಬೆನ್ನುಹುರಿಯ ಕಾಯಿಲೆಯವರೆಗೆ ಎಲ್ಲವೂ ನಮ್ಮ ನಾಯಿಗೇ ಇದೆಯೇನೋ ಎಂಬ ಭಯ ಹುಟ್ಟುತ್ತದೆ. ವೈದ್ಯರ ಬಳಿಗೆ ಹೋಗುವ ಮುನ್ನ ನಾನೇ ನೋಡಿ ತಿಳಿದುಕೊಳ್ಳಬಹುದಾದದ್ದು ಏನಾದರೂ ಇದೆಯೇ?

ಉತ್ತರ 1

ನೀವು ವರ್ಣಿಸಿರುವ ನಡಿಗೆಯನ್ನು ಪೇಸ್ ಎನ್ನುತ್ತಾರೆ. ಅದು ತಾನಾಗಿಯೇ ರೋಗವಲ್ಲ. ನಾಯಿ ನಿಧಾನವಾಗಿ ನಡೆಯುವಾಗ ನಾಲ್ಕು ಪಾದಗಳೂ ಬೇರೆ ಬೇರೆ ಹೊತ್ತಿಗೆ ನೆಲ ಮುಟ್ಟುತ್ತವೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಸ್ವಲ್ಪ ವೇಗ ಹೆಚ್ಚಿದಾಗ ಸಾಮಾನ್ಯವಾಗಿ ಅದು ಟ್ರಾಟ್‌ಗೆ ಬದಲಾಗುತ್ತದೆ, ಅಂದರೆ ಎಡ ಮುಂಗಾಲಿಗೆ ಬಲ ಹಿಂಗಾಲು ಜೊತೆಯಾಗಿ ಓರೆಯ ಜೋಡಿಗಳಲ್ಲಿ ಹೆಜ್ಜೆ ಬೀಳುತ್ತದೆ. ಈ ಎರಡರ ನಡುವಿನ ವೇಗದಲ್ಲಿ ಸಿಕ್ಕಿಕೊಂಡ ನಾಯಿ ಹಲವು ಸಲ ಪೇಸ್ ಹಿಡಿಯುತ್ತದೆ. ಬೆಲ್ಟ್ ಹಿಡಿದ ಮನುಷ್ಯನ ವೇಗ ನಾಯಿಯ ನಡಿಗೆಗೆ ಹೆಚ್ಚು, ಟ್ರಾಟ್‌ಗೆ ಕಡಿಮೆ ಎನ್ನುವಂತೆ ಇರುವುದರಿಂದ ಅನೇಕರು ಇದನ್ನು ಬೆಲ್ಟ್ ಹಾಕಿದಾಗ ಮಾತ್ರ ಕಾಣುತ್ತಾರೆ.

ಉದ್ದ ಕಾಲು, ಗಿಡ್ಡ ಬೆನ್ನಿನ ನಾಯಿಗಳಿಗೆ ಇನ್ನೊಂದು ಕಾರಣವೂ ಇದೆ. ಟ್ರಾಟ್ ಮಾಡುವಾಗ ಅವುಗಳ ಹಿಂಗಾಲು ಹೋಗಿ ಅದೇ ಬದಿಯ ಮುಂಗಾಲಿಗೆ ತಾಗುತ್ತದೆ. ಅದನ್ನು ತಪ್ಪಿಸಲು ಕೆಲವು ನಾಯಿಗಳು ಹಿಂಭಾಗವನ್ನು ಏಡಿಯಂತೆ ಓರೆಯಾಗಿಸಿಕೊಂಡು ಸಾಗುತ್ತವೆ, ಕೆಲವು ಪೇಸ್ ಮಾಡುತ್ತವೆ. ಮರಿಗಳು, ದಣಿದ ನಾಯಿಗಳು, ತೂಕ ಹೆಚ್ಚಾದ ನಾಯಿಗಳು ಕೂಡ ಹಾಗೆಯೇ. ನಿಮ್ಮ ನಾಯಿಯ ಮೈಕಟ್ಟನ್ನು ನೋಡಿದರೆ ನಿಮ್ಮ ಮನೆಯವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಫೋನಿನಲ್ಲಿ ಹಳೆಯ ವಿಡಿಯೊಗಳಿದ್ದರೆ ಹುಡುಕಿ ನೋಡಿ. ಈ ಜಗಳ ಅಲ್ಲಿಯೇ ಅರ್ಧ ಬಗೆಹರಿಯುತ್ತದೆ. ಹುಟ್ಟಿನಿಂದ ಪೇಸ್ ಮಾಡುವ ನಾಯಿ ಬೇರೆ, ಐದನೆಯ ವರ್ಷದಲ್ಲಿ ಅದನ್ನು ಕಲಿತ ನಾಯಿ ಬೇರೆ.

ಉತ್ತರ 2

ದೊಡ್ಡ ನಾಯಿ ಎಂದ ಮೇಲೆ ಸೊಂಟದ ಕೀಲೇ ಇರಬೇಕು. ನಮ್ಮ ನಾಯಿಗೂ ಹೀಗೆಯೇ ಆಗಿತ್ತು. ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಅರ್ಧ ಮಾಡಿ ಒಂದು ವಾರ ಕೊಟ್ಟು ನೋಡಿ. ನಡಿಗೆ ಸರಿಹೋದರೆ ನೋವಿತ್ತೆಂದು ತಿಳಿಯುತ್ತದೆ.

ಉತ್ತರ 3

ಮೇಲಿನ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಮನುಷ್ಯರು ನುಂಗುವ ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಬಲ್ಲದು, ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ಅಪಾಯ. ಅರ್ಧ ಮಾತ್ರೆ ಎನ್ನುವುದು ಅಳತೆಯೇ ಅಲ್ಲ. ಇದಲ್ಲದೆ ವೈದ್ಯರು ಕೊಡಬೇಕೆಂದಿರುವ ಔಷಧಿಯನ್ನು ಈ ಮಾತ್ರೆಯ ಕಾರಣದಿಂದ ಕೆಲವು ದಿನ ತಡೆಹಿಡಿಯಬೇಕಾಗಿ ಬರಬಹುದು, ಮತ್ತು ಪರೀಕ್ಷೆಯ ದಿನ ಕಾಣಬೇಕಾದ ಕುಂಟು ಕಾಣದೆ ಹೋಗಬಹುದು.

ನಾನು ಪಶುವೈದ್ಯಕೀಯ ವೃತ್ತಿಯಲ್ಲಿರುವವನು. ಕಣ್ಣಿಂದ ನೋಡದ ನಾಯಿಗೆ ರೋಗದ ಹೆಸರು ಹೇಳಲಾರೆ. ಆದರೆ ಹೇಗೆ ನೋಡಬೇಕು ಎಂಬುದನ್ನು ಹೇಳಬಲ್ಲೆ. ಮೊದಲಿಗೆ, ಬಿಟ್ಟು ಓಡಿಸಿದರೆ ದೋಷ ಕಾಣುವುದಿಲ್ಲ ಎಂಬುದರಿಂದ ನೀವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಜೋರು ಓಟದಲ್ಲಿ ಎಡ ಬಲಗಳ ಹೆಜ್ಜೆ ಸಹಜವಾಗಿಯೇ ಸಮನಾಗಿರುವುದಿಲ್ಲ, ಹೀಗಾಗಿ ನೋಯುವ ಕಾಲನ್ನು ಉಳಿಸಿಕೊಳ್ಳುವುದು ನಾಯಿಗೆ ಸುಲಭ, ನಮಗೆ ಕಂಡುಹಿಡಿಯುವುದು ಕಷ್ಟ. ಪೇಸ್ ನಡಿಗೆಯ ತೂಗಾಟದಲ್ಲಿಯೂ ಸಣ್ಣ ಕುಂಟು ಅಡಗಿಕೊಳ್ಳುತ್ತದೆ. ಕುಂಟನ್ನು ಹುಡುಕಲು ಟ್ರಾಟ್ ಒಳ್ಳೆಯದು, ಏಕೆಂದರೆ ಅಲ್ಲಿ ಎರಡು ಬದಿಗಳೂ ಸಮನಾಗಿರಬೇಕು. ಇಲ್ಲದಿದ್ದರೆ ಎದ್ದು ಕಾಣುತ್ತದೆ. ಜಾರದ ಸಮತಟ್ಟು ನೆಲದ ಮೇಲೆ, ಬೆಲ್ಟನ್ನು ಸಡಿಲ ಬಿಟ್ಟು, ಇನ್ನೊಬ್ಬರು ನಾಯಿಯನ್ನು ನೇರ ಗೆರೆಯಲ್ಲಿ ಹೋಗಿ ಬರುವಂತೆ ಕರೆದೊಯ್ಯಲಿ; ನೀವು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿ. ಪಕ್ಕದಿಂದ ತೆಗೆಯುವಾಗ ಫೋನನ್ನು ನಾಯಿಯ ಎತ್ತರಕ್ಕೆ ಇಳಿಸಿ, ಇಲ್ಲದಿದ್ದರೆ ಬೆನ್ನು ಮಾತ್ರ ಸಿಗುತ್ತದೆ.

ನಾಯಿಯ ದೇಹಭಾರದ ಸುಮಾರು 60 ಶೇಕಡಾ ಮುಂಗಾಲುಗಳ ಮೇಲೆ, ಉಳಿದ 40 ಹಿಂಗಾಲುಗಳ ಮೇಲೆ ಇರುತ್ತದೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ಬೀಳುವಾಗ ತಲೆ ಮೇಲೇಳುತ್ತದೆ, ಚೆನ್ನಾಗಿರುವ ಕಾಲು ಬೀಳುವಾಗ ಇಳಿಯುತ್ತದೆ. ಹಿಂಗಾಲು ನೋಯುತ್ತಿದ್ದರೆ ಹಿಂದಿನಿಂದ ನೋಡಬೇಕು: ನೋಯುವ ಬದಿಯ ಸೊಂಟ ಇನ್ನೊಂದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಇಲ್ಲಿ ಒಂದು ಮೋಸವಿದೆ. ನೋಯುವ ಹಿಂಗಾಲು ನೆಲ ಮುಟ್ಟುವಾಗ ನಾಯಿ ಭಾರವನ್ನು ಮುಂದಕ್ಕೆ ತಳ್ಳಲು ತಲೆ ತಗ್ಗಿಸುತ್ತದೆ, ಟ್ರಾಟ್‌ನಲ್ಲಿ ಅದೇ ಗಳಿಗೆಗೆ ಎದುರು ಬದಿಯ ಮುಂಗಾಲು ನೆಲದಲ್ಲಿರುತ್ತದೆ; ಆದ್ದರಿಂದ ಬಲ ಹಿಂಗಾಲಿನ ನೋವು ಬಲ ಮುಂಗಾಲಿನ ನೋವಿನಂತೆ ಕಂಡು ವರ್ಷಗಟ್ಟಲೆ ಅನುಭವವುಳ್ಳವರನ್ನೂ ದಾರಿ ತಪ್ಪಿಸುತ್ತದೆ. ನನ್ನನ್ನೂ ತಪ್ಪಿಸಿದೆ.

ನೋವೋ ನರವೋ ಎಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. ನೋಯುವ ನಾಯಿಯ ತಪ್ಪು ಹೆಜ್ಜೆ ಪ್ರತಿ ಸಲವೂ ಒಂದೇ ಬಗೆಯದು: ಆ ಕಾಲು ನೆಲದ ಮೇಲೆ ಕಡಿಮೆ ಹೊತ್ತು ನಿಲ್ಲುತ್ತದೆ. ನರದ ತೊಂದರೆಯಿರುವ ನಾಯಿಯ ತಪ್ಪು ಹೆಜ್ಜೆಯಿಂದ ಹೆಜ್ಜೆಗೆ ಬೇರೆಯಾಗುತ್ತದೆ. ಒಮ್ಮೆ ಕಾಲು ಅಗಲಕ್ಕೆ ಬೀಳುತ್ತದೆ, ಒಮ್ಮೆ ಇನ್ನೊಂದರ ಮೇಲೆ ಅಡ್ಡ ಬರುತ್ತದೆ, ತಿರುವಿನಲ್ಲಿ ಹಿಂಭಾಗ ತೇಲಿದಂತಾಗುತ್ತದೆ. ಉಗುರುಗಳ ಮೇಲ್ಭಾಗ ಸವೆದಿದೆಯೇ ನೋಡಿ. ಪಾದ ಎಳೆದು ನಡೆಯುವ ನಾಯಿಯಲ್ಲಿ ನಡುವಿನ ಎರಡು ಉಗುರುಗಳು ಅಲ್ಲಿ ಸವೆಯುತ್ತವೆ. ನಾಯಿ ನಿಂತಿರುವಾಗ ಹೊಟ್ಟೆಗೆ ಕೈಯಾಸರೆ ಕೊಟ್ಟು ಹಿಂಪಾದವನ್ನು ಮಡಚಿ, ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಆರೋಗ್ಯವಂತ ನಾಯಿ ತಕ್ಷಣ ಪಾದವನ್ನು ತಿರುಗಿಸಿಕೊಳ್ಳುತ್ತದೆ. ಹಾಗೆಯೇ ಬಿಟ್ಟುಕೊಂಡರೆ ಬೆನ್ನುಹುರಿಯ ಕಡೆ ಸಂಶಯಪಡಬೇಕು, ಮತ್ತು ಆ ಸಂಶಯದಲ್ಲಿ ದಿನ ತಳ್ಳಬಾರದು. ಕೊನೆಯದಾಗಿ, ಅದು ಹೇಗೆ ಕುಳಿತುಕೊಳ್ಳುತ್ತದೆ ಎಂಬುದನ್ನು ಗಮನಿಸಿ ಬರೆಯಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು, ಮಾತ್ರೆ ಕೊಟ್ಟಿಲ್ಲ. ಮೂರು ವರ್ಷ ಹಿಂದಿನ ಎರಡು ವಿಡಿಯೊ ಸಿಕ್ಕವು. ಬೆಲ್ಟ್ ಹಾಕಿ ನಡೆಯುವಾಗ ಆಗಲೂ ಕೆಲವು ಹೆಜ್ಜೆ ಪೇಸ್ ಮಾಡಿ, ಮತ್ತೆ ಟ್ರಾಟ್‌ಗೆ ಬರುತ್ತಿತ್ತು. ಈಗ ಬೆಲ್ಟ್ ಇಲ್ಲದೆ ತಾನೇ ತಿರುಗಾಡುವಾಗಲೂ ಪೇಸ್ ಬಿಡುವುದಿಲ್ಲ; ಅಂದರೆ ಮನೆಯವರೂ ಸರಿ, ನಾನೂ ಸರಿ. ಉಗುರುಗಳು ಸರಿಯಾಗಿವೆ. ಪಾದವನ್ನು ಮಡಚಿದ ತಕ್ಷಣ ತಿರುಗಿಸಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿತು. ಬಹಳ ಪ್ರಯತ್ನಪಟ್ಟು ಟ್ರಾಟ್ ಮಾಡಿಸಿದೆವು. ಸ್ಲೋ ಮೋಷನ್‌ನಲ್ಲಿ ಬಲ ಸೊಂಟ ಪ್ರತಿ ಹೆಜ್ಜೆಗೂ ಹೆಚ್ಚು ಏರುವುದು ಸ್ಪಷ್ಟವಾಗಿ ಕಾಣುತ್ತದೆ. ಕುಳಿತುಕೊಳ್ಳುವಾಗ ಎಡಗಾಲನ್ನು ಮಡಚಿಕೊಳ್ಳುತ್ತದೆ, ಬಲಗಾಲನ್ನು ಪಕ್ಕಕ್ಕೆ ಚಾಚಿಬಿಡುತ್ತದೆ. ಇದನ್ನು ನಾನು ಸೋಮಾರಿತನವೆಂದು ತಿಳಿದು ಎಷ್ಟೋ ಸಲ ನಕ್ಕಿದ್ದೇನೆ. ಎರಡೂ ತೊಡೆಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಬಲತೊಡೆ ತೆಳ್ಳಗಿದೆ.

ಉತ್ತರ 3

ತೊಡೆ ತೆಳ್ಳಗಾಗಿದೆ ಎಂದರೆ ಆ ಕಾಲಿನ ಮೇಲೆ ಭಾರ ಹಾಕುವುದನ್ನು ನಾಯಿ ವಾರಗಳಿಂದ ಕಡಿಮೆ ಮಾಡಿದೆ ಎಂದರ್ಥ. ಮಂಡಿಯನ್ನು ಪೂರ್ತಿ ಮಡಚಲು ಒಲ್ಲದೆ ಕಾಲು ಚಾಚಿ ಕುಳಿತುಕೊಳ್ಳುವುದು ನನ್ನ ಗಮನವನ್ನು ಸೊಂಟಕ್ಕಿಂತ ಮಂಡಿಯ ಕಡೆಗೆ ಎಳೆಯುತ್ತದೆ. ಸೊಂಟದ ಕೀಲಿನ ದೋಷವಿದ್ದ ನಾಯಿಗಳು ಸಾಮಾನ್ಯವಾಗಿ ಓಡುವಾಗ ಎರಡೂ ಹಿಂಗಾಲುಗಳನ್ನು ಜೋಡಿಸಿ ಮೊಲದಂತೆ ಕುಪ್ಪಳಿಸುತ್ತವೆ. ಮಂಡಿಚಿಪ್ಪು ಜಾರುವ ನಾಯಿಗಳು, ಅವು ಹೆಚ್ಚಾಗಿ ಸಣ್ಣ ತಳಿಯವು, ನಡುನಡುವೆ ಒಂದೆರಡು ಹೆಜ್ಜೆ ಕಾಲೆತ್ತಿ ಹಾರಿ ಮತ್ತೆ ಏನೂ ಆಗದಂತೆ ನಡೆಯುತ್ತವೆ. ನೀವು ಈ ಎರಡನ್ನೂ ಹೇಳಿಲ್ಲ.

ಮಂಡಿಯ ಒಳಗೆ ತೊಡೆಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವೆ ಅಡ್ಡಹಾಯ್ದ ಎರಡು ಲಿಗಮೆಂಟ್‌ಗಳಿವೆ, ಅಂದರೆ ಮೂಳೆಗೆ ಮೂಳೆಯನ್ನು ಬಿಗಿದಿಡುವ ನಾರುಪಟ್ಟಿಗಳು. ಅವುಗಳಲ್ಲಿ ಮುಂದಿನದು ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿರುತ್ತದೆ. ಆಟಗಾರರಲ್ಲಿ ಅದು ಒಂದೇ ಪೆಟ್ಟಿಗೆ ಹರಿಯುವುದನ್ನು ಕೇಳಿರುತ್ತೀರಿ. ನಾಯಿಗಳಲ್ಲಿ ಬಹುಪಾಲು ಅದು ಹಳೆಯ ಹಗ್ಗದಂತೆ ಎಳೆ ಎಳೆಯಾಗಿ ಸವೆಯುತ್ತದೆ, ಆದ್ದರಿಂದಲೇ ಬಿದ್ದದ್ದು, ಕೂಗಿದ್ದು ಯಾರಿಗೂ ನೆನಪಿರುವುದಿಲ್ಲ. ಪೂರ್ತಿ ಹರಿದ ನಾಯಿ ಬೆರಳ ತುದಿಯನ್ನಷ್ಟೇ ನೆಲಕ್ಕೆ ತಾಗಿಸುತ್ತದೆ. ಅರ್ಧ ಹರಿದದ್ದು ನಿಮ್ಮ ನಾಯಿಯಂತೆ ಸದ್ದಿಲ್ಲದೆ ನಡಿಗೆ ಬದಲಿಸಿಕೊಳ್ಳಬಲ್ಲದು.

ವೈದ್ಯರು ಕೆಳಗಿನ ಮೂಳೆಯನ್ನು ಮುಂದಕ್ಕೆ ಜಗ್ಗಿ ನೋಡುವ ಪರೀಕ್ಷೆ ಮಾಡುತ್ತಾರೆ. ಅರ್ಧ ಹರಿದಿದ್ದಾಗ, ಅದರಲ್ಲೂ ನಾಯಿ ಎಚ್ಚರವಿದ್ದು ಸ್ನಾಯುಗಳನ್ನು ಬಿಗಿಹಿಡಿದಾಗ, ಮೂಳೆ ಜಾರದೇ ಇರಬಹುದು. ಆದುದರಿಂದ ಮೊದಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದರೆ ಅಲ್ಲಿಗೇ ನಿಲ್ಲಿಸದೆ, ಮಂಪರು ಕೊಟ್ಟು ಮಂಡಿಯನ್ನು ಮಡಚಿದ ಸ್ಥಿತಿಯಲ್ಲಿಯೂ ನೋಡಬಹುದೇ ಎಂದು ವಿನಯದಿಂದ ಕೇಳಿ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಕೀಲಿನೊಳಗೆ ನೀರು ತುಂಬಿದ್ದರೆ ಅದು ಕಾಣುತ್ತದೆ. ಅದೇ ಮಂಪರಿನಲ್ಲಿ ಸೊಂಟದ ಎಕ್ಸ್‌ರೇಯನ್ನೂ ತೆಗೆಸಿಬಿಡಿ. ನಿಮ್ಮ ವಿಡಿಯೊಗಳನ್ನು ತಪ್ಪದೆ ಒಯ್ಯಿರಿ, ಏಕೆಂದರೆ ಆಸ್ಪತ್ರೆಯ ನೆಲದ ಮೇಲೆ ಹೆದರಿದ ನಾಯಿಗಳು ಕುಂಟುವುದನ್ನೇ ಮರೆಯುತ್ತವೆ.

ಉತ್ತರ 1

ನಾನು ಮೈಕಟ್ಟಿನ ವಿಷಯ ಹೇಳಿ ನಿಮ್ಮನ್ನು ನಿಶ್ಚಿಂತೆಯ ಕಡೆಗೆ ಸ್ವಲ್ಪ ಹೆಚ್ಚೇ ದೂಡಿದೆನೇನೋ. ಹಳೆಯ ಅಭ್ಯಾಸದ ಮರೆಯಲ್ಲಿ ಹೊಸ ನೋವು ಇರಬಹುದೆಂದು ನನಗೆ ಹೊಳೆಯಲಿಲ್ಲ.

ಪ್ರಶ್ನೆ ಕೇಳಿದವರಿಂದ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಎಚ್ಚರವಿದ್ದಾಗ ಮಾಡಿದ ಪರೀಕ್ಷೆಯಲ್ಲಿ ಮಂಡಿ ಗಟ್ಟಿಯಾಗಿಯೇ ಇತ್ತು. ವೈದ್ಯರು ವಿಡಿಯೊ ನೋಡಿದ ಮೇಲೆ ತಾವಾಗಿಯೇ ಮಂಪರಿನ ಮಾತೆತ್ತಿದರು. ಮಡಚಿದ ಸ್ಥಿತಿಯಲ್ಲಿ ಮೂಳೆ ಸ್ವಲ್ಪ ಜಾರಿತು, ಎಕ್ಸ್‌ರೇಯಲ್ಲಿ ಬಲ ಮಂಡಿಯೊಳಗೆ ನೀರು ಕಂಡಿತು, ಸೊಂಟದ ಕೀಲುಗಳು ಚೆನ್ನಾಗಿವೆ. ಮುಂದಿನ ಲಿಗಮೆಂಟ್ ಭಾಗಶಃ ಹರಿದಿದೆ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಈ ತೂಕದ ನಾಯಿಗೆ ಕೆಳಗಿನ ಮೂಳೆಯ ಮೇಲ್ಭಾಗವನ್ನು ಕೊಯ್ದು ಓರೆ ತಗ್ಗಿಸಿ ಪ್ಲೇಟ್ ಕೂರಿಸುವ ಶಸ್ತ್ರಚಿಕಿತ್ಸೆ ಒಳ್ಳೆಯದೆಂದು ಹೇಳಿದ್ದಾರೆ, ದಿನ ಗೊತ್ತಾಗಿದೆ. ಅಲ್ಲಿಯವರೆಗೆ ಬೆಲ್ಟ್ ಹಾಕಿ ಅಲ್ಪ ದೂರದ ನಡಿಗೆ ಮಾತ್ರ, ಮೆಟ್ಟಿಲು ಹತ್ತುವಂತಿಲ್ಲ, ಮಂಚ ಹಾರುವಂತಿಲ್ಲ. ತೂಕವನ್ನು 27 ಕೆ.ಜಿ.ಗೆ ಇಳಿಸಬೇಕೆಂದು ಸೂಚಿಸಿದ್ದಾರೆ. ಶಸ್ತ್ರಚಿಕಿತ್ಸೆಯ ನಂತರ ಪೇಸ್ ನಿಲ್ಲುತ್ತದೆಯೇ ಎಂದು ಕೇಳಿದೆ. ಬೆಲ್ಟ್ ಹಾಕಿದಾಗಿನ ಹಳೆಯ ಪೇಸ್ ಉಳಿದರೂ ಉಳಿಯಬಹುದು, ಅದನ್ನು ನೋಡಿ ಗಾಬರಿಯಾಗಬೇಡಿ, ಕುಳಿತುಕೊಳ್ಳುವ ಭಂಗಿಯನ್ನು ನೋಡುತ್ತಿರಿ ಎಂದರು.

ಉತ್ತರ 3

ಎಡಗಾಲಿನ ಮೇಲೂ ಕಣ್ಣಿಟ್ಟಿರಿ. ಒಂದು ಮಂಡಿಯಲ್ಲಿ ಈ ಲಿಗಮೆಂಟ್ ಸವೆದ ನಾಯಿಗಳಲ್ಲಿ ಇನ್ನೊಂದು ಮಂಡಿಯದೂ ಮುಂದೆ ಹರಿಯುವುದು ಅಪರೂಪವಲ್ಲ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಕೋನದಿಂದ ವಿಡಿಯೊ ತೆಗೆದಿಟ್ಟುಕೊಂಡರೆ ಹೋಲಿಸಿ ನೋಡಲು ಅನುಕೂಲವಾಗುತ್ತದೆ.