ರೊಟ್ಟಿ ತುತ್ತು ಎಲ್ಲಿಗೆ ಹೋಗುತ್ತದೆ? ನಲಿಕಲಿ ಮಕ್ಕಳಿಗೆ ಜೀರ್ಣಾಂಗಗಳ ಚಿತ್ರಕಥೆ

ಪ್ರಶ್ನೆ: ನಲಿಕಲಿ ಟೀಚರ್, ಹಾವೇರಿ

ನಮಸ್ಕಾರ ರೀ. 1ರಿಂದ 3ನೇ ತರಗತಿ ಮಕ್ಕಳಿಗೆ ಒಂದು ಚಿತ್ರಕಥೆ ಪುಸ್ತಕ ಮಾಡಬೇಕಂತ ಇದೆ. ಎ4 ಹಾಳೆ ನಾಲ್ಕು ಮಡಚಿ ನಡುವೆ ಹೊಲಿದರೆ 16 ಪುಟ. ‘ರೊಟ್ಟೆಪ್ಪ’ ಅನ್ನೋ ರೊಟ್ಟಿ ಚೂರು ಬಾಯಿ ಹೊಕ್ಕು, ಜಾರುಬಂಡಿ ಆಡಿ, ಹೊಟ್ಟೆಯಲ್ಲಿ ಈಜಿ, ಕೊನೆಗೆ ನಗುತ್ತ ಹೊರಗೆ ಬರುತ್ತಾನೆ. ಯಾವ ಅಂಗಕ್ಕೆ ಎಷ್ಟು ಪುಟ ಕೊಡಲಿ? ಜೊತೆಗೆ ಏನು ಮಾಡಿಸಲಿ?

ಉತ್ತರ 1: ಮಕ್ಕಳ ಪುಸ್ತಕದ ಕೆಲಸ, ಧಾರವಾಡ

ರೊಟ್ಟೆಪ್ಪ ನಗುತ್ತ ಹೊರಗೆ ಬರಬಾರದು. ಬಂದರೆ, ತಿಂದದ್ದು ಇಡಿಯಾಗಿ ಈ ಕಡೆಯಿಂದ ಆ ಕಡೆ ಸಾಗುತ್ತದೆ, ಮೈ ಅಂದರೆ ಬರೀ ಕೊಳವೆ ಅಂತ ಮಗು ತಿಳಿಯುತ್ತದೆ. ಜೀರ್ಣ ಆಗೋದು ಅಂದರೆ ತುತ್ತು ತುತ್ತಾಗಿ ಉಳಿಯದೆ ಕರಗಿ ರಕ್ತ ಸೇರೋದು. ಕಥೆಯ ಜೀವ ಇರೋದೇ ಅಲ್ಲಿ.

ರೊಟ್ಟಿಗೆ ಕಣ್ಣು ಮೂಗು ಬರೆದರೆ ಇನ್ನೊಂದು ತೊಂದರೆ. ಹಲ್ಲು ಅವನನ್ನು ಅರೆಯುವ ಪುಟಕ್ಕೆ ಬಂದಾಗ ಐದು ವರ್ಷದ ಮಗು ಹೆದರುತ್ತದೆ, ತಟ್ಟೆಯ ರೊಟ್ಟಿ ಮುಟ್ಟಲು ಹಿಂಜರಿಯುತ್ತದೆ. ತಿನ್ನುವ ಹುಡುಗಿಯೇ ನಾಯಕಿ ಆಗಲಿ. ಕೊನೆಯ ಚಿತ್ರದಲ್ಲಿ ಅವಳು ಖೋಖೋ ಓಡಲಿ, ರೊಟ್ಟಿಯ ಬಲ ಅವಳ ಕಾಲಲ್ಲಿ ಕಾಣಲಿ.

ಪುಟ ಹೀಗೆ ಹಂಚಿರಿ: ಬಾಯಿ 3, ಅನ್ನನಾಳ 1, ಜಠರ 2, ಸಣ್ಣಕರುಳು 4, ದೊಡ್ಡಕರುಳು 1, ಪಾಯಖಾನೆ 1, ಆಟಕ್ಕೆ 2, ಉಳಿದವು ಮುಖಪುಟ ಮತ್ತು ಹಿಂಪುಟ. ಪಾಯಖಾನೆ ಪುಟಕ್ಕೆ ಮಕ್ಕಳು ನಕ್ಕೇ ನಗುತ್ತಾರೆ, ಅದನ್ನೇ ಉದ್ದ ಮಾಡಬೇಡಿ. ಪುಟಕ್ಕೆ ಎರಡೇ ವಾಕ್ಯ ಸಾಕು. ಮೂಲೆಯಲ್ಲೊಂದು ಗಡಿಯಾರ ಇರಲಿ: ಅನ್ನನಾಳದಲ್ಲಿ ಕೆಲವೇ ಸೆಕೆಂಡು, ಜಠರದಲ್ಲಿ 2ರಿಂದ 4 ತಾಸು, ಹೊರಬೀಳಲು ಒಂದರಿಂದ ಮೂರು ದಿನ. ಮಧ್ಯಾಹ್ನ ಉಂಡದ್ದು ಸಂಜೆಗೇ ಹೊರಗೆ ಅಂತ ಬರೆಯೋದು ಸಾಮಾನ್ಯ ತಪ್ಪು.

ಉತ್ತರ 2: ಮಕ್ಕಳ ಡಾಕ್ಟರ್, ಹುಬ್ಬಳ್ಳಿ

ನಮ್ಮ ಎರಡು ಮಾತು ಇಲ್ಲಿ ತೊಡಕು ಮಾಡುತ್ತವೆ. ಒಂದು ‘ಹೊಟ್ಟೆ’. ಎದೆಯ ಕೆಳಗಿನದನ್ನೆಲ್ಲ ಹೊಟ್ಟೆ ಅಂತೀವಿ, ಹಾಗಾಗಿ ಮಕ್ಕಳು ಹೊಕ್ಕುಳದ ಹತ್ತಿರ ಒಂದು ದುಂಡು ಚೀಲ ಬರೀತಾರೆ. ಜಠರ ಇರೋದು ಅದಕ್ಕಿಂತ ಮೇಲೆ, ಎಡಗಡೆ, ಪಕ್ಕೆಲುಬಿನ ಮರೆಯಲ್ಲಿ. ‘ಜಠರ’ ಅನ್ನೋ ಪದವನ್ನೇ ಬಳಸಿ, ಒಂದನೇ ತರಗತಿಯವರೂ ಕಲೀತಾರೆ.

ಇನ್ನೊಂದು ‘ನೆತ್ತಿಗೆ ಹತ್ತಿತು’. ಅಗುಳು ತಲೆಗೇ ಏರಿತು ಅಂತ ಮಕ್ಕಳು ನಂಬುತ್ತಾರೆ. ಗಂಟಲಲ್ಲಿ ಎರಡು ದಾರಿ: ಮುಂದೆ ಶ್ವಾಸನಾಳ, ಹಿಂದೆ ಅನ್ನನಾಳ. ನುಂಗುವಾಗ ಎಲೆಯಂಥ ಮುಚ್ಚಳವೊಂದು ಶ್ವಾಸನಾಳದ ಬಾಯಿ ಮುಚ್ಚುತ್ತದೆ. ನಗುತ್ತ, ಮಾತಾಡುತ್ತ ಉಂಡರೆ ಅದು ಮುಚ್ಚುವ ಮೊದಲೇ ಅಗುಳು ಜಾರುತ್ತದೆ, ಅದನ್ನು ಹೊರಹಾಕಲು ಕೆಮ್ಮು ಬರುತ್ತದೆ. ಬಾಯಿಯ ಮೂರು ಪುಟದಲ್ಲಿ ಒಂದು ಇದಕ್ಕೇ ಇರಲಿ.

ನೀರಿಗೊಂದು ಚೀಲ, ರೊಟ್ಟಿಗೊಂದು ಚೀಲ ಬರೆಯೋ ಮಕ್ಕಳೂ ಇದ್ದಾರೆ. ಎರಡಕ್ಕೂ ಒಂದೇ ದಾರಿ. ಕರುಳು ನೀರನ್ನು ಹೀರಿ ರಕ್ತಕ್ಕೆ ಕೊಡುತ್ತದೆ, ಆ ರಕ್ತ ಸೋಸಿ ಮೂತ್ರ ಮಾಡೋದು ಮೂತ್ರಪಿಂಡ. ಇನ್ನು ಯಕೃತ್ತಿನೊಳಗೆ ತುತ್ತು ಹೊಕ್ಕ ಹಾಗೆ ಬಾಣದ ಗುರುತು ಹಾಕಬೇಡಿ. ಅದು ಪಕ್ಕದಲ್ಲಿದ್ದು ಪಿತ್ತರಸ ಕಳಿಸುತ್ತದೆ, ಅಷ್ಟೇ.

ಉತ್ತರ 3: ಅಕ್ಕೋರು, ಗದಗ

ಓದಿಸೂದರ ಜೋಡಿ ಕೈಗೂ ಕೆಲಸ ಕೊಡ್ರಿ. ಎರಡು ಗ್ಲಾಸಿನಾಗ ಅರ್ಧರ್ಧ ಲೋಟ ಉಗುರುಬೆಚ್ಚಗಿನ ನೀರು ತಗೋರಿ. ಒಂದರಾಗ ಖಡಕ್ ರೊಟ್ಟಿಯ ಅಂಗೈಯಗಲ ತುಂಡು, ಇನ್ನೊಂದರಾಗ ಅಷ್ಟ ತುಂಡನ್ನ ಪುಡಿ ಮಾಡಿ ಹಾಕ್ರಿ. ಪುಡಿ ಲಗೂನ ಗಂಜಿ ಆಗತೈತಿ, ತುಂಡು ಹಂಗ ನಿಂತಿರತೈತಿ. ಯಾಕ ಅಗೀಬೇಕು ಅಂತ ಮತ್ತ ಹೇಳೂದ ಬ್ಯಾಡ. ಬಿಸ್ಕಿಟ್ ತಗೋಬ್ಯಾಡ್ರಿ, ಇಡೀದನ್ನ ಹಾಕಿದ್ರೂ ಕರಗತೈತಿ, ಫರಕ ಕಾಣೂದಿಲ್ಲ.

ಅನ್ನನಾಳಕ್ಕ ಬೆರಳಿನ ಕಡೆ ಕತ್ತರಿಸಿದ ಕಾಲುಚೀಲ, ಒಳಗ ಬೇಯಿಸಿದ ಸಣ್ಣ ಬಟಾಟಿ. ಮಕ್ಕಳು ಮುಂದಿನಿಂದ ಜಗ್ಗತಾರ, ಬಟಾಟಿ ಸಿಕ್ಕಿ ಬೀಳತೈತಿ. ಬಟಾಟಿಯ ಹಿಂದ ಹಿಚುಕಿದ್ರ ಮುಂದ ಸರೀತೈತಿ. ಮಲಗಿ ನುಂಗಿದ್ರೂ ತುತ್ತು ಜಠರ ಮುಟ್ಟೂದು ಹಿಂಗ. ಗೋಲಿ ಮಾತ್ರ ಕೊಡಬ್ಯಾಡ್ರಿ, ಬಾಯಾಗ ಹಾಕ್ಕೋತಾರ.

ದೊಡ್ಡವರ ಸಣ್ಣಕರುಳು ಸುಮಾರು 6 ಮೀಟರ್. ಆರು ಗಜದ ಇಳಕಲ್ ಸೀರಿ ಐದೂವರೆ ಮೀಟರ್ ಆಗತೈತಿ. ವರಾಂಡದಾಗ ಉದ್ದಕ ಬಿಚ್ಚಿ ಹಾಸ್ರಿ, ಆಮ್ಯಾಲ ಮಡಚಿ ಸಣ್ಣ ಬುಟ್ಟಿಯಾಗ ತುಂಬಸ್ರಿ. ಒಳಗೋಡೆ ತೋರಸಾಕ ಟರ್ಕಿ ಟವೆಲ್ ಕೈಗೆ ಕೊಡ್ರಿ. ಅದರ ಎಳಿ ಹಂಗ ಕರುಳಿನ ಒಳಗ ಸಣ್ಣ ಸಣ್ಣ ಬೆರಳು ಇರತಾವ, ಅವು ಕರಗಿದ ಊಟ ಹೀರತಾವ.

ಪ್ರಶ್ನೆ ಕೇಳಿದವರು:

ರೊಟ್ಟೆಪ್ಪನ ಕಣ್ಣು ಅಳಿಸಿದೆ. ಒಂದು ಸಂಶಯ: ನಮ್ಮ ಕಡೆ ಗೋವಿನಜೋಳ ಬಹಳ. ತೆನೆ ತಿಂದ ಮರುದಿನ ಕಾಳು ಹಾಗೇ ಬರುತ್ತವೆ. ಎಲ್ಲ ಕರಗುತ್ತದೆ ಅಂದರೆ ಮಕ್ಕಳು ಒಪ್ಪುತ್ತಾರಾ?

ಮಕ್ಕಳ ಡಾಕ್ಟರ್, ಹುಬ್ಬಳ್ಳಿ:

‘ಎಲ್ಲ’ ಅಂತ ಬರೆಯಬೇಡಿ. ಅಗಿದು ತಿಂದ ಕಾಳಿನ ಒಳಗಿನ ಹಿಟ್ಟು ಕರಗಿರುತ್ತದೆ, ಕಾಣೋದು ಬರೀ ಸಿಪ್ಪೆ. ಅದನ್ನು ಕರಗಿಸುವ ರಸ ನಮ್ಮ ಮೈಯಲ್ಲಿಲ್ಲ. ಅದು ನಾರು, ಮಲ ಸಲೀಸಾಗಿ ಸಾಗಲು ಬೇಕು. ಅಗಿಯದೆ ನುಂಗಿದರೆ ಇಡೀ ಕಾಳೇ ಬರುತ್ತದೆ. ಆಟದ ಪುಟದಲ್ಲಿ ಎರಡು ಖಾಲಿ ಗಡಿಯಾರ ಬರೆದುಕೊಡಿ. ತೆನೆ ತಿಂದ ಹೊತ್ತು ಒಂದರಲ್ಲಿ, ಸಿಪ್ಪೆ ಕಂಡ ಹೊತ್ತು ಇನ್ನೊಂದರಲ್ಲಿ ಮಕ್ಕಳೇ ಮುಳ್ಳು ಬರೆಯಲಿ.