ಪದಚರ್ಚೆ: ಹಗ್ಗ ‘ಜಗ್ಗಿದೆ’ ಎಂದರೆ ಬಿಗಿದಿದೆ ಎಂದೋ, ಇಳಿಬಿದ್ದಿದೆ ಎಂದೋ?

ಬಳಗದ ಎಲ್ಲರಿಗೂ ಪುಣೆಯಿಂದ ನಮಸ್ಕಾರ.

ಕೆಟ್ಟು ನಿಂತ ಕಾರನ್ನು ಇನ್ನೊಂದು ಗಾಡಿಯ ಹಿಂದೆ ಕಟ್ಟಿ ಎಳೆಯುವಾಗ ಮುಂದಿನವರೂ ಹಿಂದಿನವರೂ ಆಡಿಕೊಳ್ಳುವ ಮಾತಿನ ಬಗ್ಗೆ ಕೇಳಬೇಕಾಗಿದೆ. ಮುಖ್ಯವಾಗಿ ‘ಜಗ್ಗು’ ಎಂಬ ಪದ. ಈ ಒಂದು ಪದದಿಂದ ಹೋದ ತಿಂಗಳು ನನ್ನ ಕಾರಿನ ಬಂಪರು ಮುರಿಯಿತು. ಬೇರೆಯವರ ಕೈಕಾಲು ಮುರಿಯಬಾರದು ಎಂದು ಬರೆಯುತ್ತಿದ್ದೇನೆ.

ನಾನು ಹಾಸನದ ಕಡೆಯವಳು, ಪುಣೆಗೆ ಬಂದು 18 ವರ್ಷ. ಸಾತಾರಾದಿಂದ ಹಿಂದಿರುಗುವಾಗ ಖಂಬಾಟಕಿ ಸುರಂಗ ದಾಟಿ ಶಿರವಳದ ಕಡೆಗೆ ಬರುತ್ತಿದ್ದೆವು. ಇಂಜಿನ್ ಕೆಮ್ಮಿ ಕೆಮ್ಮಿ ಆರಿಹೋಯಿತು. ಜೊತೆಗೆ ಬೊಲೆರೋದಲ್ಲಿ ಬರುತ್ತಿದ್ದವರು ನಮ್ಮ ಪಕ್ಕದ ಮನೆಯವರು, ಬಾಗಲಕೋಟೆಯವರು. ಅವರ ಗಾಡಿಯಲ್ಲಿ ನೈಲಾನ್ ಹಗ್ಗವಿತ್ತು. ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಯಲ್ಲೇ ಗ್ಯಾರೇಜಿನ ತನಕ ಎಳೆದುಕೊಂಡು ಹೋಗೋಣ ಎಂದು ಹಗ್ಗ ಕಟ್ಟಿ, ಇಬ್ಬರೂ ಫೋನು ಸ್ಪೀಕರಿಗೆ ಹಾಕಿಕೊಂಡು ಕುಳಿತೆವು. ಅವರು ಹೇಳಿದ್ದು ಇಷ್ಟು: ‘ಹಗ್ಗ ಜಗ್ಗಿದ ಮ್ಯಾಲ ಬ್ರೇಕ್ ಬಿಡ್ರಿ.’

ಮುಂದೆ ನೋಡಿದೆ. ಹಗ್ಗ ನೆಲ ಮುಟ್ಟುವಷ್ಟು ಜೋತುಬಿದ್ದಿತ್ತು. ನನ್ನ ಕನ್ನಡದಲ್ಲಿ ಅದು ಆಗಲೇ ಜಗ್ಗಿದೆ. ಬ್ರೇಕು ಬಿಟ್ಟೆ. ಅಲ್ಲಿ ರಸ್ತೆ ಸ್ವಲ್ಪ ಇಳಿಜಾರು, ಕಾರು ತಾನಾಗಿ ಮುಂದೆ ಉರುಳಿತು, ಹಗ್ಗದ ಜೋಲು ಎಡಗಾಲಿಯ ಕೆಳಗೆ ಸೇರಿಕೊಂಡಿತು. ಅದೇ ಹೊತ್ತಿಗೆ ಅವರು ಕ್ಲಚ್ಚು ಬಿಟ್ಟರು. ಗಕ್ಕನೆ ಒಂದು ಎಳೆತ, ಬಂಪರಿನ ಮೂಲೆ ಕಿತ್ತು ಬಂತು. ಹಗ್ಗ ಹರಿಯಲಿಲ್ಲ, ಅದು ಪುಣ್ಯ. ಬಿಗಿದ ನೈಲಾನ್ ಹಗ್ಗ ಹರಿದರೆ ಚಾಟಿಯ ಹಾಗೆ ಹಿಂದಕ್ಕೆ ಬೀಸುತ್ತದೆ. ನನ್ನ ಮಗ ಆಗ ಪಕ್ಕದಲ್ಲೇ ನಿಂತಿದ್ದ.

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಜಗ್ಗುವುದು ಎಂದರೆ ಎಳೆಯುವುದು. ಹಗ್ಗ ಬಿಗಿದು ನಿಮ್ಮ ಗಾಡಿಯನ್ನು ಎಳೆಯತೊಡಗಿದ ಮೇಲೆ ಬ್ರೇಕು ಬಿಡಿ ಎಂಬುದು ಅವರ ಮಾತಿನ ಅರ್ಥ. ನಮ್ಮ ಕಡೆ ಹಣ್ಣಿನ ಭಾರಕ್ಕೆ ಕೊಂಬೆ ಜಗ್ಗುತ್ತದೆ, ಹಳೇ ಮಂಚದ ನವಾರು ಜಗ್ಗುತ್ತದೆ. ಯಾರ ಬೆದರಿಕೆಗೂ ಜಗ್ಗದವನು ಎನ್ನುತ್ತೇವೆ, ಅಂದರೆ ಬಾಗದವನು, ಕುಗ್ಗದವನು. ಹಾಗಿದ್ದೂ ಹಗ್ಗಜಗ್ಗಾಟ ಎಂಬ ಪದ ಬೀದರಿನಿಂದ ಚಾಮರಾಜನಗರದ ತನಕ ಎಲ್ಲರದೂ. ಅಲ್ಲಿರುವುದು ಎಳೆಯುವ ಜಗ್ಗು. ಒಂದೇ ಧಾತು ಎರಡು ದಿಕ್ಕಿಗೆ ಹೋಯಿತೇ, ಅಥವಾ ಎರಡು ಬೇರೆ ಧಾತುಗಳು ಒಂದೇ ರೂಪಕ್ಕೆ ಬಂದು ನಿಂತವೇ? ಭಾರ ಎಳೆದಾಗ ಕೊಂಬೆ ಬಾಗುತ್ತದೆ, ಎಳೆದದ್ದೂ ಬಾಗಿದ್ದೂ ಒಂದೇ ಕ್ರಿಯೆಯ ಎರಡು ತುದಿ ಎಂದು ನನ್ನ ಊಹೆ. ಕಿಟ್ಟೆಲರ 1894ರ ನಿಘಂಟು ಕೈಗೆಟುಕುವಂತೆ ಇರುವವರು ತೆರೆದು ನೋಡಿ ಹೇಳಿದರೆ ಉಪಕಾರ.

ಆಮೇಲೆ ಗ್ಯಾರೇಜಿನ ಹುಡುಗನೇ ಬಂದ. ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿ, ನಡುಮಧ್ಯಕ್ಕೆ ಒಂದು ಹಳೆಯ ಗೋಣಿತಾಟನ್ನು ಒದ್ದೆ ಮಾಡಿ ಹೊದಿಸಿದ. ಹಗ್ಗ ಹರಿದರೂ ಗೋಣಿಯ ಭಾರಕ್ಕೆ ಬೀಸುವ ರಭಸ ತಗ್ಗಬಹುದು, ಮೇಲಾಗಿ ಅಡ್ಡ ಬರುವ ಬೈಕಿನವರ ಕಣ್ಣಿಗೂ ಕಾಣುತ್ತದೆ. ಅವನು ಮರಾಠಿಯಲ್ಲಿ ಹೇಳಿದ್ದು: ‘ದೋರ್ ತಾಣ್ಲಾ ಕೀ ಬ್ರೇಕ್ ಸೋಡಾ.’ ಅಂದರೆ ಹಗ್ಗ ಬಿಗಿದ ಮೇಲೆ ಬ್ರೇಕು ಬಿಡಿ. ಹಗ್ಗ ಬಿಗಿದರೆ ತಾಣ್, ಸಡಿಲಾದರೆ ಸೈಲ್. ಎರಡರ ನಡುವೆ ಗೊಂದಲಕ್ಕೆ ಜಾಗವೇ ಇಲ್ಲ. ಕನ್ನಡದಲ್ಲೂ ಬಿಗಿ ಇದೆ, ಸಡಿಲ ಇದೆ, ಸೆಟೆ ಎಂಬ ಒಳ್ಳೆಯ ಪದವೂ ಇದೆ. ಅವಸರದಲ್ಲಿ ಬಾಯಿಗೆ ಬರುವುದು ಮಾತ್ರ ಜಗ್ಗು.

ಅದೇ ಹುಡುಗ ಈ ಇಡೀ ಕೆಲಸಕ್ಕೆ ‘ಟೋಚನ್’ ಎನ್ನುತ್ತಿದ್ದ. ಇಲ್ಲಿಯ ಟ್ರಕ್ಕಿನವರೆಲ್ಲ ಹಾಗೇ ಅನ್ನುತ್ತಾರೆ. ಮರಾಠಿಯ ಟೋಚಣೆ, ಅಂದರೆ ಚುಚ್ಚುವುದು, ಅದರಿಂದ ಬಂದದ್ದು ಎಂದು ಪರಿಚಯದವರೊಬ್ಬರು ವಾದಿಸಿದರು. ಇಂಗ್ಲಿಷಿನ ಟೋ ಚೈನ್, ಅಂದರೆ ಎಳೆಯುವ ಸರಪಳಿ, ಸವೆದು ಟೋಚನ್ ಆಗಿರಬೇಕು ಎಂದು ನನಗೆ ತೋರುತ್ತದೆ. ಬೆಳಗಾವಿ, ಹುಬ್ಬಳ್ಳಿಯ ಲಾರಿ ಚಾಲಕರು ಏನೆನ್ನುತ್ತಾರೆ?

ಈಗ ಇದನ್ನೆಲ್ಲ ಕೇಳಲು ಕಾರಣ. ನಮ್ಮ ಸೊಸೈಟಿಯಲ್ಲಿ ಕಾರು ಓಡಿಸುವ ಕನ್ನಡದ ಚಾಲಕರು ಏಳೆಂಟು ಜನ. ಕಲಬುರಗಿ, ವಿಜಯಪುರದವರು ಹೆಚ್ಚು, ಇಬ್ಬರು ಮಂಡ್ಯದವರು. ಕೆಟ್ಟ ಕಾರನ್ನು ಎಳೆಯುವ ಬಗೆಯನ್ನು ತಿಳಿಸುವ ಒಂದು ಹಾಳೆಯನ್ನು ಅವರಿಗೆಂದು ಬರೆಯುತ್ತಿದ್ದೇನೆ, ಬರೆಯುತ್ತ ಹೋದಂತೆ ಪದಗಳೇ ಕೈಕೊಡುತ್ತಿವೆ.

ಮೊದಲನೆಯದು ‘ಟೋಯಿಂಗ್’. ಪತ್ರಿಕೆಗಳಲ್ಲಿ ಪೊಲೀಸರು ಸ್ಕೂಟರ್ ಎತ್ತಿಕೊಂಡು ಹೋದರೂ ಟೋಯಿಂಗ್, ಹಗ್ಗ ಕಟ್ಟಿ ಎಳೆದರೂ ಟೋಯಿಂಗ್. ಚಾಲಕನಿಗೆ ಇದು ಸಾಲದು. ನಾಲ್ಕೂ ಗಾಲಿ ನೆಲದ ಮೇಲಿದ್ದರೆ ಎಳೆದೊಯ್ಯುವುದು, ಎರಡು ಗಾಲಿ ಮೇಲೆದ್ದಿದ್ದರೆ ಎತ್ತಿ ಎಳೆಯುವುದು, ಇಡೀ ಕಾರು ಲಾರಿಯ ಮೇಲೆ ಕುಳಿತರೆ ಹೊತ್ತೊಯ್ಯುವುದು ಎಂದು ಬೇರೆ ಬೇರೆ ಮಾಡಿದ್ದೇನೆ. ಆಟೋಮ್ಯಾಟಿಕ್ ಕಾರಿಗೆ ಈ ಭೇದ ಬಹಳ ಮುಖ್ಯ. ಸಾಮಾನ್ಯವಾಗಿ ಅದರ ಗೇರ್ ಪೆಟ್ಟಿಗೆಯಲ್ಲಿ ಎಣ್ಣೆ ಹರಿಸುವ ಪಂಪು ಇಂಜಿನ್ ಓಡಿದರೆ ಮಾತ್ರ ಓಡುವುದು. ಇಂಜಿನ್ ಆರಿಸಿ, ಚಾಲನೆಯ ಗಾಲಿಗಳನ್ನು ನೆಲದ ಮೇಲೆ ಉರುಳಿಸಿಕೊಂಡು ಹೋದರೆ ಒಳಗೆ ಒಣ ಲೋಹ ಉಜ್ಜಿ ಪೆಟ್ಟಿಗೆಯೇ ಹಾಳು. ಅಂಥ ಕಾರನ್ನು ಹೊತ್ತೇ ಒಯ್ಯಬೇಕು. ಹೊರುವ ಲಾರಿಗೆ ಹೆಸರೇನು? ‘ಎತ್ತುಗಾಡಿ’ ಎನ್ನಲು ಹೋದರೆ ಎತ್ತಿನ ಗಾಡಿ ಕಣ್ಣಿಗೆ ಬರುತ್ತದೆ. ‘ಹೊರೆಗಾಡಿ’ ಆದೀತೇ?

ಎರಡನೆಯದು, ಹಗ್ಗದ ಬದಲು ಬಳಸುವ ಕಬ್ಬಿಣದ ಸರಳು. ಇದಕ್ಕೆ ‘ಮೂಕಿ’ (ಎತ್ತಿನ ಗಾಡಿಯನ್ನು ನೊಗಕ್ಕೆ ಸೇರಿಸುವ ಉದ್ದನೆಯ ಮರ) ಎಂದೇ ಬರೆದುಬಿಟ್ಟಿದ್ದೇನೆ, ಬಿಟ್ಟುಕೊಡಲು ಮನಸ್ಸಿಲ್ಲ. ಎತ್ತಿನ ಗಾಡಿಯನ್ನು ಹಗ್ಗದಲ್ಲಿ ಕಟ್ಟಿ ಎಳೆಸುವುದನ್ನು ಯಾರಾದರೂ ನೋಡಿದ್ದೀರಾ? ಏರಿನಲ್ಲಿ ಹಗ್ಗ ಎಳೆದೀತು, ಇಳಿಜಾರಿನಲ್ಲಿ ಗಾಡಿ ಎತ್ತುಗಳ ಕಾಲಿಗೇ ನುಗ್ಗೀತು. ಮೂಕಿ ಎಳೆಯುತ್ತದೆ, ತಡೆದೂ ಹಿಡಿಯುತ್ತದೆ. ಸರಳು ಮಾಡುವುದೂ ಅದೇ ಕೆಲಸ. ಹಗ್ಗ ಎಳೆಯುವುದಷ್ಟೇ ಬಲ್ಲದು, ತಡೆಯುವ ಕೆಲಸವೆಲ್ಲ ಹಿಂದಿನ ಕಾರಿನಲ್ಲಿ ಕೂತವರದು. ನಮ್ಮ ಬಾಗಲಕೋಟೆಯವರು ಎರಡನೇ ಸಲ ಹೊರಡುವಾಗ ಹೇಳಿದರು: ‘ತೇರಿನ ಗಾಲಿಗೆ ಸನ್ನಿ ಹಾಕಾವ್ರು ಇದ್ದಂಗ್ರಿ ನೀವು.’ ಅಂದರೆ ಉರುಳುವ ತೇರಿನ ಗಾಲಿಗೆ ಮರದ ತುಂಡು ಕೊಟ್ಟು ತಡೆಯುವವರ ಹಾಗೆ. ಆಗ ನನಗೆ ಕೆಲಸ ಅರ್ಥವಾಯಿತು. ಅವರು ವೇಗ ತಗ್ಗಿಸುವ ಮೊದಲೇ ನಾನು ಮೆಲ್ಲಗೆ ಬ್ರೇಕು ಒತ್ತುತ್ತ ಹಗ್ಗ ಬಿಗಿಯಾಗಿಯೇ ಇರುವಂತೆ ನೋಡಿಕೊಂಡೆ. ಇಂಜಿನ್ ಆರಿದ ಕಾರಿನಲ್ಲಿ ಒಂದೆರಡು ಸಲ ಒತ್ತಿದ ಮೇಲೆ ಬ್ರೇಕು ಕಲ್ಲಾಗುತ್ತದೆ, ಸ್ಟೀರಿಂಗೂ ಬಿಗಿ. ಎಂದಿಗಿಂತ ಬಹಳ ಹೆಚ್ಚು ಬಲ ಹಾಕಬೇಕು. ಕೀಲಿ ತಿರುಗಿಸಿ ಇಡದಿದ್ದರೆ ಸ್ಟೀರಿಂಗು ಲಾಕೇ ಆಗಿಬಿಡಬಹುದು. ನೇಗಿಲಿನ ‘ಈಸು’ ಎಂಬ ಪದವನ್ನೂ ಯೋಚಿಸಿದೆ, ಆದರೆ ಮಂಡ್ಯದವರಿಗೆ ಓದಿದಾಗ ಮೂಕಿಯೇ ತಟ್ಟನೆ ತಿಳಿಯಿತು.

ಇನ್ನು ಹಗ್ಗ ಕಟ್ಟುವ ಜಾಗ. ಎಷ್ಟೋ ಕಾರುಗಳಲ್ಲಿ ಡಿಕ್ಕಿಯೊಳಗೆ ಜಾಕಿನ ಜೊತೆ ಒಂದು ದಪ್ಪ ಕಬ್ಬಿಣದ ಬಳೆ ಇರುತ್ತದೆ. ಬಂಪರಿನ ಪುಟ್ಟ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಕೂರಿಸಬೇಕು, ಕೆಲವು ಕಾರುಗಳಲ್ಲಿ ಎಡಕ್ಕೆ. ಎಲ್ಲರೂ ‘ಹುಕ್ಕು’ ಎನ್ನುವುದರಿಂದ ಜನ ಕೊಕ್ಕೆ ಹುಡುಕಿ, ಸಿಗದೆ, ಬಂಪರಿಗೋ ಗಾಲಿಯ ತೋಳಿಗೋ ಕಟ್ಟುತ್ತಾರೆ. ‘ಎಳೆಬಳೆ’ ಎಂದು ಬರೆದಿದ್ದೆ. ನನ್ನ ಮಗ ಓದಿ ‘ಎಳೆಯ ಬಳೆಯಾ?’ ಎಂದ. ಅವನ ಮಾತು ಸರಿ. ಎಳೆ ಎಂದರೆ ಎಳಸೂ ಹೌದು, ನೂಲೂ ಹೌದು. ‘ಎಳೆತದ ಬಳೆ’ ಎಂದು ತಿದ್ದಿದ್ದೇನೆ, ಉದ್ದವಾಯಿತು.

ಕೊನೆಯದು ಫಲಕ. 1989ರ ರಸ್ತೆ ನಿಯಮಗಳಲ್ಲೇ (2017ರಲ್ಲಿ ಅವುಗಳ ಜಾಗಕ್ಕೆ ಹೊಸವು ಬಂದವು) ಇತ್ತು: ಎರಡು ಗಾಡಿಗಳ ನಡುವೆ 5 ಮೀಟರ್ ಮೀರಬಾರದು, ವೇಗ ಗಂಟೆಗೆ 24 ಕಿ.ಮೀ. ದಾಟಬಾರದು, ಸ್ಟೀರಿಂಗಿಗೆ ತಿರುಗುವ ಗಾಲಿ ನೆಲದ ಮೇಲಿದ್ದರೆ ಹಿಂದಿನ ಗಾಡಿಯಲ್ಲೂ ಲೈಸೆನ್ಸ್ ಇರುವವರು ಕೂತಿರಬೇಕು, ಅದರ ಬೆನ್ನಿಗೆ ಬಿಳಿಯ ಮೇಲೆ ಕಪ್ಪಿನಲ್ಲಿ ಕನಿಷ್ಠ 75 ಮಿ.ಮೀ. ಎತ್ತರದ ಅಕ್ಷರಗಳಲ್ಲಿ ‘ಆನ್ ಟೋ’ ಎಂದಿರಬೇಕು. ಇಂಗ್ಲಿಷಿನಲ್ಲಿ ಐದು ಅಕ್ಷರ. ಅದರ ಕೆಳಗೆ ಕನ್ನಡದಲ್ಲೂ ಬರೆಯೋಣವೆಂದರೆ ‘ಎಳೆದೊಯ್ಯಲಾಗುತ್ತಿದೆ’ ಎಂಬುದು ಆ ಎತ್ತರದಲ್ಲಿ ಡಿಕ್ಕಿಯ ಅಗಲಕ್ಕೆ ಹಿಡಿಯುವುದು ಕಷ್ಟ. ‘ಎಳೆಯುವ ಗಾಡಿ’ ಎಂದರೆ ಅರ್ಥವೇ ತಿರುವುಮುರುವು. ‘ಕಟ್ಟಿದ ಗಾಡಿ’ ಎಂದು ಸದ್ಯಕ್ಕೆ ಇಟ್ಟಿದ್ದೇನೆ.

ಹಾಳೆಯಲ್ಲಿ ಜಗ್ಗು ಎಂಬ ಪದವನ್ನು ಎಲ್ಲೂ ಬಳಸಿಲ್ಲ. ಹಗ್ಗ ಬಿಗಿದು ನಿಂತಾಗ ಹಿಂದಿನ ಕಾರಿನವರು ‘ಬಿಗೀತು’ ಎಂದು ಕೂಗಬೇಕು, ಅದಾದ ಮೇಲೆಯೇ ಬ್ರೇಕು ಬಿಡಬೇಕು ಎಂದು ಬರೆದಿದ್ದೇನೆ. ನಿಮ್ಮೂರಿನಲ್ಲಿ ಇದಕ್ಕಿಂತ ಚಿಕ್ಕದಾದ, ಲಾರಿಯ ಸದ್ದಿನಲ್ಲೂ ಕೇಳಿಸುವ ಮಾತಿದ್ದರೆ ತಿಳಿಸಿ. ಕರಾವಳಿಯವರು, ಮಲೆನಾಡಿನವರು ದಯವಿಟ್ಟು ಬರೆಯಿರಿ. ನಾಟಾ, ಅಂದರೆ ಮರದ ದಿಮ್ಮಿ, ಎಳೆಸುವವರ ಬಾಯಲ್ಲಿ ಖಂಡಿತ ಒಂದು ಪದ ಇದ್ದೇ ಇರುತ್ತದೆ.