ಉಬುಂಟು ತೆಗೆದ ಮೇಲೆ ವಿಂಡೋಸ್ ತೆರೆಯುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಜೊತೆ ಉಬುಂಟು (ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಇತ್ತು. ಜಾಗ ಸಾಲದೆ ನಿನ್ನೆ ಉಬುಂಟು ಪಾರ್ಟಿಷನ್ (ಡಿಸ್ಕಿನಲ್ಲಿ ಅದಿದ್ದ ಭಾಗ) ಡಿಲೀಟ್ ಮಾಡಿದೆ. ಈಗ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ‘ಗ್ರಬ್ ರೆಸ್ಕ್ಯೂ’ ಅಂತ ಮಾತ್ರ ಬರುತ್ತಿದೆ (ಗ್ರಬ್ ಅಂದರೆ ಉಬುಂಟು ಜೊತೆ ಬಂದ, ಸಿಸ್ಟಮ್ ಶುರು ಮಾಡುವ ಪ್ರೋಗ್ರಾಂ).

ಬಯಾಸ್‌ನಲ್ಲಿ ನೋಡಿದೆ, ವಿಂಡೋಸ್ ಶುರು ಮಾಡುವ ‘ವಿಂಡೋಸ್ ಬೂಟ್ ಮ್ಯಾನೇಜರ್’ ಕಾಣುತ್ತಿಲ್ಲ. ವಿಂಡೋಸ್ ಪೆನ್‌ಡ್ರೈವ್ ಹಾಕಿ ಸ್ಟಾರ್ಟಪ್ ರಿಪೇರ್ ಓಡಿಸಿದೆ, ಆಗಲಿಲ್ಲ. ಬೂಟ್ ಸರಿಮಾಡುವ ಬೂಟ್‌ರೆಕ್ ಕಮಾಂಡ್‌ನಲ್ಲಿ ಫಿಕ್ಸ್‌ಎಂಬಿಆರ್ ಸರಿಯಾಯಿತು ಅಂದಿತು, ಫಿಕ್ಸ್‌ಬೂಟ್ ಕೊಟ್ಟರೆ ‘ಆಕ್ಸೆಸ್ ಈಸ್ ಡಿನೈಡ್’. ಡಿಸ್ಕ್ ಇರುವುದು ಹೊಸ ರೀತಿಯ ಜಿಪಿಟಿ, ಯುಇಎಫ್‌ಐ ಮೋಡ್. ಹಾಗಿದ್ದರೆ ಹಳೆ ರೀತಿಯ ಬೂಟ್‌ಗೆ ಬೇಕಾದ ಎಂಬಿಆರ್ ಸರಿಮಾಡಿ ಪ್ರಯೋಜನವಿಲ್ಲ ಅಲ್ವಾ?

ಡಿಸ್ಕ್‌ಪಾರ್ಟಿನಲ್ಲಿ (ಪಾರ್ಟಿಷನ್ ನೋಡಿಕೊಳ್ಳುವ ವಿಂಡೋಸ್ ಕಮಾಂಡ್) ಬೂಟ್ ಫೈಲ್‌ಗಳಿರುವ 100 ಎಂಬಿಯ ಇಎಫ್‌ಐ ಪಾರ್ಟಿಷನ್‌ಗೆ ಒಂದು ಡ್ರೈವ್ ಅಕ್ಷರ ಕೊಟ್ಟು, ಆ ಫೈಲ್‌ಗಳನ್ನು ಮತ್ತೆ ಹಾಕುವ ಬಿಸಿಡಿಬೂಟ್ ಕಮಾಂಡ್ ಓಡಿಸಬೇಕಂತೆ. ಕೈ ಹಾಕಲು ಭಯ. ಡಿ ಡ್ರೈವಿನಲ್ಲಿ ಮಗಳ ಐದು ವರ್ಷದ ಫೋಟೋಗಳಿವೆ, ಬ್ಯಾಕಪ್ ಇಲ್ಲ.

ಆ ಇಎಫ್‌ಐ ಪಾರ್ಟಿಷನ್ ಮೊದಲು ಫಾರ್ಮ್ಯಾಟ್ ಮಾಡಲೇಬೇಕಾ, ಇಲ್ಲ ಹಾಗೇ ಬಿಸಿಡಿಬೂಟ್ ಓಡಿಸಬಹುದಾ? ಮಾಡಿ ಗೊತ್ತಿರುವವರು ದಯವಿಟ್ಟು ತಿಳಿಸಿ.